ಖೂಬಾ ಪ್ಲಾಟ್‌ನಿಂದ ಕಲ್ಯಾಣದವರೆಗೆ: ನಿಮ್ಮದು ಯಾವ ಪಾತ್ರ?

ಕಲಬುರಗಿಯಲ್ಲಿ ಬಡಾವಣೆಗಳಿಗೆ ನಗರ, ಕಾಲೊನಿ ಎಂಬ ಹೆಸರುಗಳ ಜೊತೆಗೆ ‘ಪ್ಲಾಟ್’ ಎಂಬ ಹೆಸರೂ ಉಂಟು. ಖೂಬಾ ಪ್ಲಾಟ್ ಅಂಥದೊಂದು. ರೈಲಿನಿಂದ ಇಳಿದು ಆಟೋದವರಿಗೆ ಹೆಸರು ಹೇಳಿದರೆ ಸಾಕು, ವಿಳಾಸ ಕೇಳುವುದಿಲ್ಲ. ನೋಡಲು ಬರುವವರಿಗೆ ಅಲ್ಲಿ ಕೋಟೆಯಿಲ್ಲ, ಗುಮ್ಮಟವಿಲ್ಲ. ಇರುವುದು ಮನೆಗಳು, ಮನೆಗಳಲ್ಲಿ ಓದುವ ಮಕ್ಕಳು, ಮಕ್ಕಳ ಅಂಕಪಟ್ಟಿಯ ಚಿಂತೆಯಲ್ಲಿರುವ ತಂದೆತಾಯಿಗಳು. ದಸರಾ ರಜೆಯಲ್ಲಿ ಬಂಧುಗಳ ಮನೆಗೆಂದು ಅಲ್ಲಿಗೆ ಹೋದ ನನಗೆ ಜಿಲ್ಲೆಯನ್ನು ಸುತ್ತಲು ಒಂದು ಹೊಸ ದಾರಿ ಸಿಕ್ಕಿತು. ಆ ದಾರಿ ತೋರಿಸಿದ್ದು ಒಂದು ಆಟ.

ಮನೆಯಲ್ಲಿ ನಾಲ್ವರು ಮಕ್ಕಳು. ಊಟವಾದ ಮೇಲೆ ಚಾಪೆ ಹಾಸಿ, ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ ಹಿಡಿದು ಕೂರುತ್ತಿದ್ದರು. ಪಿಯುಸಿ ಓದುವ ದೊಡ್ಡ ಹುಡುಗಿ ಕತೆ ಹೇಳುವವಳು. ಉಳಿದ ಮೂವರು ಕತೆಯೊಳಗಿನ ಪಾತ್ರಗಳು. ‘ಎದುರಿಗೆ ಹಾಳು ಕೋಟೆಯಿದೆ, ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ?’ ಎಂದು ಅವಳು ಕೇಳುತ್ತಾಳೆ. ಒಬ್ಬ ಒದೆಯುತ್ತೇನೆ ಎನ್ನುತ್ತಾನೆ, ಒಬ್ಬಳು ಬೀಗ ಬಿಚ್ಚುತ್ತೇನೆ ಎನ್ನುತ್ತಾಳೆ. ಗೆಲುವು ಸೋಲು ದಾಳ ಹೇಳುತ್ತದೆ.

ಇದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಆಡುವವರು ಮೊದಲು ತಮ್ಮ ಪಾತ್ರದ ‘ಕ್ಲಾಸ್’ ಆರಿಸಿಕೊಳ್ಳಬೇಕು. ಮೊದಲ ಪುಸ್ತಕಗಳಲ್ಲಿ ಇದ್ದವು ಮೂರೇ: ಕಾದಾಳು, ಮಂತ್ರವಾದಿ, ಧರ್ಮಗುರು. ಮರುವರ್ಷ ಕಳ್ಳ ಸೇರಿದ, ಭಿಕ್ಷು ಸೇರಿದ, ಕಾಡು ಬಲ್ಲ ಬೇಟೆಗಾರ ಸೇರಿದ. 1976ರ ಹೊತ್ತಿಗೆ ಗಾಯಕನೂ ಗಿಡಮರಗಳ ಭಾಷೆ ಬಲ್ಲ ವನಗುರುವೂ ಬಂದರು. 2014ರ ಐದನೆಯ ಆವೃತ್ತಿಯ ಮುಖ್ಯ ಪುಸ್ತಕದಲ್ಲಿ ಹನ್ನೆರಡು ಕ್ಲಾಸುಗಳಿವೆ.

ಇಷ್ಟೆಲ್ಲ ಇದ್ದರೂ ಹೆಚ್ಚು ಜನ ಆರಿಸಿಕೊಳ್ಳುವುದು ಯಾವುದನ್ನು? 2017ರಲ್ಲಿ ಆಟಗಾರರು ಗಣಕದಲ್ಲಿ ಸಿದ್ಧಪಡಿಸಿದ ಪಾತ್ರಗಳನ್ನು ಲೆಕ್ಕ ಹಾಕಿದಾಗ ಮೊದಲ ಸ್ಥಾನ ಕಾದಾಳುವಿಗೇ ಸಿಕ್ಕಿತು. ಖೂಬಾ ಪ್ಲಾಟ್‌ನ ಮನೆಯ ಕಿರಿಯವನೂ ಕಾದಾಳುವೇ. ಅವನ ಅಕ್ಕ ಕಳ್ಳಿ. ‘ಮನೆತನದ ಹುಡುಗಿ, ಕಳ್ಳಿ ಆಗ್ತೀಯೇನ ನೀ?’ ಎಂದು ಅಜ್ಜಿ ಗದರಿದ್ದೂ ಆಯಿತು. ಹತ್ತನೆಯ ತರಗತಿಯ ಹುಡುಗ ಮಾತ್ರ ಪ್ರತಿ ಸಲವೂ ಗಾಯಕ. ಅವನ ತಂದೆ ಅವನನ್ನು ಪಿಯುಸಿ ವಿಜ್ಞಾನಕ್ಕೆ, ಅಲ್ಲಿಂದ ವೈದ್ಯಕೀಯಕ್ಕೆ ಎಂದು ಆಗಲೇ ನಿಶ್ಚಯಿಸಿದ್ದರು. ‘ಆಟದಾಗೂ ಹಾಡೇ ಏನು?’ ಎಂಬುದು ಅವರ ತಕರಾರು. ಹುಡುಗ ಉತ್ತರ ಕೊಡುತ್ತಿರಲಿಲ್ಲ.

ಊರು ತೋರಿಸಿ ಎಂದು ನಾನು ಕೇಳಿದಾಗ ದೊಡ್ಡ ಹುಡುಗಿಯೇ ಯೋಜನೆ ಹಾಕಿದಳು. ಒಂದೊಂದು ಕ್ಲಾಸಿಗೆ ಒಂದೊಂದು ಸ್ಥಳ. ಮೂರು ದಿನ, ಒಂದು ಜೀಪು, ತಂದೆಯೇ ಸಾರಥಿ.

ಕೋಟೆಯ ಕಾದಾಳು

ಮೊದಲ ದಿನ ಊರೊಳಗೆ. ಕಿರಿಯವನ ಹಟಕ್ಕೆ ಕೋಟೆಯೇ ಮೊದಲು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಹಾ ದೆಹಲಿಯ ಹಿಡಿತದಿಂದ ದಖ್ಖನ್ನನ್ನು ಬಿಡಿಸಿಕೊಂಡು ರಾಜ್ಯ ಕಟ್ಟಿದಾಗ ರಾಜಧಾನಿಯಾದದ್ದು ಈ ಊರು. ಎರಡು ಸುತ್ತಿನ ಗೋಡೆ, ಸುತ್ತ ಕಂದಕ, ದಪ್ಪ ಬುರುಜುಗಳು. ಒಂದು ಬುರುಜಿನ ಮೇಲೆ ‘ಬಾರಾ ಗಜ್ ಕಿ ತೋಪ್’ ಮಲಗಿದೆ. ಹೆಸರೇ ಹೇಳುವಂತೆ ಹನ್ನೆರಡು ಗಜದ ಫಿರಂಗಿ. ಜಗತ್ತಿನಲ್ಲೇ ಉದ್ದವಾದದ್ದು ಎಂಬುದು ಊರಿನವರ ಹೆಮ್ಮೆ. ಕಿರಿಯವನು ಅದರ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದ.

ಕೋಟೆಯೊಳಗೆ ಹೆಚ್ಚು ಹೊತ್ತು ನಿಲ್ಲಿಸುವುದು ಫಿರಂಗಿಯಲ್ಲ, 1367ರ ಜಾಮಿ ಮಸೀದಿ. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇಲ್ಲಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು. ಒಳಗೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಹೊರಗೆ ಬಿಸಿಲು ಎಷ್ಟೇ ಇರಲಿ, ಒಳಗೆ ತಂಪು. ಕಟ್ಟಿದವನು ಪರ್ಷಿಯಾದ ಕಜ್ವೀನ್ ಮೂಲದ ರಫಿ. ಕೋಟೆ ಕಾದಾಳುಗಳದ್ದು ನಿಜ. ಆದರೆ ಅದರ ನಡುವೆ ಆರೂವರೆ ಶತಮಾನ ಗಟ್ಟಿಯಾಗಿ ನಿಂತಿರುವುದು ಕಟ್ಟುವವನೊಬ್ಬನ ಲೆಕ್ಕಾಚಾರ.

ಪಂಡಿತ ದೊರೆ, ಸಂತ ಗುರು

ಆಟದಲ್ಲಿ ಮಂತ್ರವಾದಿಗೂ ಧರ್ಮಗುರುವಿಗೂ ದೊಡ್ಡ ವ್ಯತ್ಯಾಸವಿದೆ. ಮಂತ್ರವಾದಿಯ ಬಲ ಪುಸ್ತಕದ್ದು; ಓದಿ, ಬರೆದುಕೊಂಡು ಕಲಿಯಬೇಕು. ಹಳೆಯ ನಿಯಮದಲ್ಲಿ ಅವನಿಗೆ ಒಂದು ಚೂರಿ ಬಿಟ್ಟರೆ ಆಯುಧವಿಲ್ಲ, ಕವಚವಂತೂ ಇಲ್ಲವೇ ಇಲ್ಲ. ಧರ್ಮಗುರುವಿನ ಬಲ ಶ್ರದ್ಧೆಯದ್ದು. ಗಾಯ ಮಾಯಿಸುವವನು ಅವನೇ. ಇಬ್ಬರೂ ಒಂದೇ ಊರಿನಲ್ಲಿ ಎದುರುಬದುರಾದದ್ದನ್ನು ಕಲಬುರಗಿ ಕಂಡಿದೆ.

1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಶಹಾ ಹಲವು ಭಾಷೆ ಬಲ್ಲವನು, ಗಣಿತ ಮತ್ತು ತರ್ಕದಲ್ಲಿ ಆಸಕ್ತ. ದೌಲತಾಬಾದಿನ ಬಳಿ ನಕ್ಷತ್ರ ವೀಕ್ಷಣಾಲಯ ಕಟ್ಟಿಸಲು 1407ರಲ್ಲಿ ಕೆಲಸ ಆರಂಭಿಸಿದ್ದ, ಅದು ಪೂರ್ತಿಯಾಗಲಿಲ್ಲ. ಅವನ ಕಾಲದಲ್ಲೇ ಊರಿಗೆ ಬಂದವರು ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸುದರಾಜ್. ಆಗ ಅವರಿಗೆ ಎಂಬತ್ತರ ಆಸುಪಾಸಿನ ವಯಸ್ಸು. ಮೊದಲು ಆದರದ ಸ್ವಾಗತವೇ ಸಿಕ್ಕಿತು. ಕ್ರಮೇಣ ಪಂಡಿತ ದೊರೆಗೂ ಸಂತನಿಗೂ ಸರಿಬೀಳಲಿಲ್ಲ. ದೊರೆಯ ತಮ್ಮ ಅಹ್ಮದ್ ಶಹಾ ಮಾತ್ರ ಸಂತನನ್ನು ಬಹಳ ಗೌರವಿಸಿದ. ಮುಂದೆ ಪಟ್ಟವೂ ಅವನದ್ದೇ ಆಯಿತು. ಫಿರೋಜ್ ಶಹಾ, ಬಂದೇ ನವಾಜ್ ಇಬ್ಬರೂ ತೀರಿಕೊಂಡದ್ದು ಅದೇ 1422ನೆಯ ಇಸವಿಯಲ್ಲಿ.

ಒಬ್ಬನ ಸಮಾಧಿ ಹಫ್ತ್ ಗುಂಬಜ್ ಸಮೂಹದಲ್ಲಿ. ಗೋಡೆಯ ಕೆತ್ತನೆ, ಗಾರೆಯ ಅಲಂಕಾರ ನೋಡುವಂಥದು. ಆದರೆ ನಾವು ಹೋದಾಗ ನಮ್ಮನ್ನು ಬಿಟ್ಟರೆ ಪಾರಿವಾಳಗಳು ಮಾತ್ರ. ಇನ್ನೊಬ್ಬರ ದರ್ಗಾದಲ್ಲಿ ಎಲ್ಲ ಮತದವರ ಜನಸಂದಣಿ, ಹೂವು, ಲೋಬಾನ, ಕೈಕೂಸಿಗೆ ತಾಯಿತ ಕಟ್ಟಿಸಲು ಬಂದ ತಾಯಂದಿರು. ಯಾರು ಗೆದ್ದರು ಎಂದು ಕಿರಿಯವನು ಕೇಳಿದ. ಹಾಗೆ ಕೇಳಬಾರದು ಎಂದು ಅವನ ಅಕ್ಕ ಹೇಳಿದಳು. ಜೀವನದಲ್ಲಿ ಜನರಿಗೆ ವಾಸಿ ಮಾಡುವವನೂ ಬೇಕು, ನಕ್ಷತ್ರ ಎಣಿಸುವವನೂ ಬೇಕು. ಎರಡನೆಯವನ ಗೋರಿಗೆ ಜನ ಕಡಿಮೆ ಬರುತ್ತಾರೆ, ಅಷ್ಟೇ.

ಸಂಜೆ ಶರಣಬಸವೇಶ್ವರ ಗುಡಿ. 1746ರಲ್ಲಿ ಜನಿಸಿ 1822ರವರೆಗೆ ಬಾಳಿದ ಶರಣಬಸವರು ಅರಳಗುಂಡಗಿಯ ಒಕ್ಕಲುತನದ ಮನೆಯವರು. ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರು ಎಂಬ ಕತೆ ಈ ಭಾಗದ ಪ್ರತಿ ಮನೆಯಲ್ಲೂ ಇದೆ. ಬಂದವರಿಗೆ ಅನ್ನ ಹಾಕುವ ದಾಸೋಹವೇ ಅವರ ಸಾಧನೆ. ಪಕ್ಕದ ಅಪ್ಪನ ಕೆರೆಯ ದಂಡೆಯಲ್ಲಿ ಮಿರ್ಚಿ, ಸುಸಲಾ ತಿಂದು ಮೊದಲ ದಿನ ಮುಗಿಸಿದೆವು.

ಗಾಯಕನ ಊರು ಮಳಖೇಡ

ಎರಡನೆಯ ದಿನ ಸೇಡಂ ರಸ್ತೆ. ಎರಡೂ ಕಡೆ ತೊಗರಿ ಹೊಲಗಳು, ಹಳದಿ ಹೂ ಬಿಡಲು ತೊಡಗಿದ ಕಾಲ. ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ. ಸಿಮೆಂಟ್ ಕಾರ್ಖಾನೆಯ ಚಿಮಣಿಗಳನ್ನು ನೋಡಿದವರಿಗೆ ಇದು ರಾಷ್ಟ್ರಕೂಟರ ಮಾನ್ಯಖೇಟ ಎಂದು ನಂಬಿಸುವುದು ಕಷ್ಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆರು ದಶಕಗಳಿಗೂ ಹೆಚ್ಚು ಕಾಲ ಆಳಿದ. ಅರಬ್ ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿರುವ 851ರ ಬರಹ ಇಲ್ಲಿಯ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರ ಸಾಲಿನಲ್ಲಿ ಇಟ್ಟಿದೆ.

ಹತ್ತನೆಯ ತರಗತಿಯ ಹುಡುಗ ಅಂದು ಮೊದಲ ಬಾರಿ ಮಾತಾಡಿದ್ದು ಇಲ್ಲಿ. ಕನ್ನಡದಲ್ಲಿ ಉಳಿದು ಬಂದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಈ ಆಸ್ಥಾನದ್ದು, ಸುಮಾರು 850ರದು, ಬರೆದವನು ಶ್ರೀವಿಜಯ ಎಂದು ಅವನೇ ತಮ್ಮ ತಂಗಿಯರಿಗೆ ಹೇಳಿದ. ಕಾವ್ಯ ಹೇಗಿರಬೇಕು ಎಂದು ಹೇಳುವ ಪುಸ್ತಕ ಅದು. ಶಾಸ್ತ್ರ ಓದದ ನಾಡವರೂ ಕಾವ್ಯದಲ್ಲಿ ನುರಿತವರು ಎಂದು ಅದು ಮೆಚ್ಚಿಕೊಂಡಿದೆ. ಮುಂದಿನ ಶತಮಾನದಲ್ಲಿ ಪೊನ್ನನಿಗೆ ಉಭಯಕವಿ ಚಕ್ರವರ್ತಿ ಎಂಬ ಬಿರುದು ಕೊಟ್ಟವನೂ ಈ ವಂಶದ ಮೂರನೆಯ ಕೃಷ್ಣನೇ. 972ರಲ್ಲಿ ಮಾಳವದ ಪರಮಾರರು ಈ ನಗರವನ್ನು ಲೂಟಿ ಮಾಡಿದರು. ಅರಮನೆ ಹೋಯಿತು, ಆನೆಲಾಯ ಹೋಯಿತು. ಪುಸ್ತಕ ಮಾತ್ರ ಇವತ್ತಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ.

‘ಹಾಡಿನವರು ಸರಿ, ಲೆಕ್ಕದವರು ಯಾರೂ ಇರಲಿಲ್ಲೇನು?’ ಎಂದು ತಂದೆ ಕೇಳಿದರು. ಇದ್ದರು. ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಅದೇ ಅಮೋಘವರ್ಷನ ಕಾಲದವನು. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂದು ನಮ್ಮ ಮಕ್ಕಳು ಪಿಯುಸಿಯಲ್ಲಿ ಮಾಡುವ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನು. ಋಣಸಂಖ್ಯೆಗೆ ವರ್ಗಮೂಲ ಇರಲಾರದು ಎಂದೂ ಹೇಳಿದವನು. ಒಬ್ಬ ದೊರೆಯ ಕಾಲದಲ್ಲಿ ಕಾವ್ಯದ ಶಾಸ್ತ್ರ, ಲೆಕ್ಕದ ಶಾಸ್ತ್ರ ಎರಡೂ ಬರೆಯಲ್ಪಟ್ಟವು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಲಿಲ್ಲ. ತಂದೆ ಕೋಟೆಯ ಗೋಡೆಯ ಮೇಲೆ ಕೂತು ಬಹಳ ಹೊತ್ತು ನದಿ ನೋಡುತ್ತಿದ್ದರು.

ಪುಸ್ತಕ ಕಾಯುವವರು, ಕ್ಲಾಸ್ ಬದಲಿಸಿದವನು

ಮಳಖೇಡದಿಂದ ಚಿತ್ತಾಪುರಕ್ಕೆ ಹೊರಳಿದರೆ ಹತ್ತಿರದಲ್ಲೇ ನಾಗಾವಿ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ವಿದ್ಯಾಪೀಠ ಇದ್ದ ಊರು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಊಟ, ವಸತಿ, ಪಾಠದ ಏರ್ಪಾಡು ಇದ್ದುದನ್ನು 1058ರ ಶಾಸನ ಹೇಳುತ್ತದೆ. ಮಕ್ಕಳಿಗೆ ಹಿಡಿಸಿದ ವಿವರ ಬೇರೆ: ಅಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರು, ಅಂದರೆ ಗ್ರಂಥಪಾಲಕರು. ಸಾವಿರ ವರ್ಷಗಳ ಹಿಂದೆ ಒಂದು ಶಾಲೆಗೆ ಆರು ಜನ ಗ್ರಂಥಪಾಲಕರು! ನಿಮ್ಮ ಮಕ್ಕಳ ಶಾಲೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಪೋಷಕರು ಒಮ್ಮೆ ವಿಚಾರಿಸಬಹುದು. ಅರವತ್ತು ಕಂಬದ ಗುಡಿಯ ಮೆಟ್ಟಿಲ ಮೇಲೆ ಕೂತು ನಾವು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಮಧ್ಯಾಹ್ನ ಭೀಮಾ ತೀರದ ಸನ್ನತಿ. 1986ರಲ್ಲಿ ಇಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲು ಹೊರಬಿತ್ತು. ನೋಡಿದರೆ ಅದು ಅಶೋಕನ ಶಾಸನ, ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಸಮೀಪದ ಕನಗನಹಳ್ಳಿಯಲ್ಲಿ ಮುಂದೆ ಪುರಾತತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪದ ಅವಶೇಷಗಳ ನಡುವೆ ರಾಜರಾಣಿಯರ ಉಬ್ಬುಶಿಲ್ಪ ಸಿಕ್ಕಿತು. ಅದರ ಮೇಲೆ ಅಶೋಕನ ಹೆಸರನ್ನೇ ಕೆತ್ತಲಾಗಿದೆ.

ಸನ್ನತಿಯ ಕಲ್ಲಿನ ವಿಶೇಷ ಇನ್ನೊಂದು. ಕಳಿಂಗದ ಜನರಿಗೆಂದು ಅಶೋಕ ಪ್ರತ್ಯೇಕವಾಗಿ ಬರೆಸಿದ ಶಾಸನಗಳು ಒಡಿಶಾದ ಧೌಲಿ, ಜೌಗಡಗಳಲ್ಲಿವೆ. ಅವೇ ಮಾತುಗಳು ಇಷ್ಟು ದೂರದ ಭೀಮಾ ತೀರದಲ್ಲೂ ಸಿಕ್ಕವು. ಅನ್ಯ ಮತದವರನ್ನು ಗೌರವಿಸಿ ಎನ್ನುವ ಹನ್ನೆರಡನೆಯ ಶಿಲಾಶಾಸನವೂ ಇದೇ ಕಲ್ಲಿನಲ್ಲಿದೆ. ಯುದ್ಧ ಗೆದ್ದ ಮೇಲೆ ಯುದ್ಧ ಸಾಕೆಂದವನು ಅಶೋಕ. ಮಕ್ಕಳು ಇದನ್ನು ತಮ್ಮ ಲೆಕ್ಕದಲ್ಲಿ ಅರ್ಥ ಮಾಡಿಕೊಂಡರು. ಆಟದ 1978ರ ನಿಯಮಪುಸ್ತಕದಲ್ಲೇ, ಪಾತ್ರ ಮನುಷ್ಯನಾಗಿದ್ದರೆ ನಡುವೆ ಕ್ಲಾಸ್ ಬದಲಿಸಿಕೊಳ್ಳಬಹುದು ಎಂದಿದೆ. ಕಲಿತ ಹಳೆಯದು ಹೋಗುವುದಿಲ್ಲ. ಆದರೆ ಹೊಸದರಲ್ಲಿ ಒಂದನೆಯ ಮೆಟ್ಟಿಲಿನಿಂದ ಶುರು ಮಾಡಬೇಕು. ಹದಿನಾರನೆಯ ವಯಸ್ಸಿನಲ್ಲಿ ಆರಿಸಿದ್ದೇ ಜೀವನದ ಕೊನೆಯ ಮಾತು ಎಂದು ಹೆದರುವ ಮನೆಗಳಲ್ಲಿ ಈ ನಿಯಮವನ್ನು ಬರೆದು ತೂಗುಹಾಕಬಹುದು.

ಬೇಟೆಗಾರನಿಗಾಗಿ ಸುರಪುರಕ್ಕೆ ಹೋಗಬೇಕೆಂಬ ಆಸೆಯಿತ್ತು. ಈಗ ಅದು ಯಾದಗಿರಿ ಜಿಲ್ಲೆ. 1705ರಲ್ಲಿ ವಾಗಿನಗೇರಿಯ ಬೇಡ ನಾಯಕರು ಮುದಿ ಔರಂಗಜೇಬನನ್ನು ಕೊನೆಯ ಮುತ್ತಿಗೆಯಲ್ಲಿ ಕಾಡಿದ ಕತೆಗೇ ಒಂದು ಪ್ರತ್ಯೇಕ ಪ್ರವಾಸ ಬೇಕು. ಹೊತ್ತಾಗಿತ್ತು, ಮರಳಿದೆವು.

ಕೆಂಪು ಬಾಳೆಯ ಕಮಲಾಪುರ

ಮೂರನೆಯ ದಿನ ಹುಮನಾಬಾದ್ ರಸ್ತೆ. ಅಜ್ಜಿಯೂ ಹೊರಟರು. ಸುಮಾರು 35 ಕಿಲೋಮೀಟರಿಗೆ ಕಮಲಾಪುರ. ಇಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ, ಸಣ್ಣ ಪರಿಮಳ. ಸಾಮಾನ್ಯ ಬಾಳೆಗಿಂತ ಇದಕ್ಕೆ ಹೆಚ್ಚು ಕಾಲ ಬೇಕು, ನೀರು ಗೊಬ್ಬರ ಹೆಚ್ಚು ಬೇಕು. ಬೆಲೆಯೂ ಹೆಚ್ಚು, ಶ್ರೀಮಂತರ ಹಣ್ಣು ಎಂದು ಹೆಸರಾದದ್ದು ಅದಕ್ಕೇ. ಆಟದ ವನಗುರು ಕಾಡಿನಲ್ಲಿರುತ್ತಾನೆ, ನಮ್ಮವನು ತೋಟದಲ್ಲಿರುತ್ತಾನೆ. ಸುತ್ತ ಒಣಬೇಸಾಯದ ತೊಗರಿ, ಜೋಳ; ನಡುವೆ ಇಷ್ಟು ಹಸಿರು ಉಳಿಸಿಕೊಂಡದ್ದು ಮಂತ್ರಕ್ಕೆ ಕಡಿಮೆಯೇ? ಮಣ್ಣು ಬಲ್ಲವನು ತನಗೆ ಬೇಕಾದಾಗ ಹಣ್ಣನ್ನು ಅವಸರಪಡಿಸುವುದಿಲ್ಲ. ಇದನ್ನು ಮಕ್ಕಳಿಗಿಂತ ಜೀಪು ಓಡಿಸುತ್ತಿದ್ದವರಿಗೆ ಕೇಳುವ ಹಾಗೆ ಹೇಳಿದವರು ಅಜ್ಜಿ.

ಕಲ್ಯಾಣದ ತಂಡ

ಹುಮನಾಬಾದ್ ದಾಟಿ ಬಸವಕಲ್ಯಾಣ ಮುಟ್ಟುವಾಗ ಮಧ್ಯಾಹ್ನ. ಆಟದ ಒಂದು ಸತ್ಯವನ್ನು ಆಡಿದವರೆಲ್ಲ ಬೇಗ ಕಲಿಯುತ್ತಾರೆ: ನಾಲ್ವರೂ ಕಾದಾಳುಗಳಾದರೆ ಮೊದಲ ಗಾಯಕ್ಕೇ ತಂಡ ಮುಗಿಯುತ್ತದೆ. ಮದ್ದು ಮಾಡುವವನಿಲ್ಲ, ಬೀಗ ತೆಗೆಯುವವಳಿಲ್ಲ, ಶಾಸನ ಓದುವವರಿಲ್ಲ. ಬೇರೆ ಬೇರೆಯವರು ಕೂಡಿದರೆ ಮಾತ್ರ ದಾರಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದ್ದು ಇಂಥದೇ ತಂಡ. ಅಂಬಿಗರ ಚೌಡಯ್ಯ ದೋಣಿ ನಡೆಸುವವನು. ವೈದ್ಯ ಸಂಗಣ್ಣ ಮದ್ದು ಬಲ್ಲವನು. ಕಿನ್ನರಿ ಬೊಮ್ಮಯ್ಯ ಕಿನ್ನರಿ ನುಡಿಸುವವನು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು. ಕಲ್ಯಾಣ ಹೊತ್ತಿ ಉರಿದಾಗ ವಚನದ ಕಟ್ಟುಗಳನ್ನು ಕಾಯಲು ಕತ್ತಿ ಹಿಡಿದವನೂ ಅವನೇ ಎಂದು ಶರಣ ಪರಂಪರೆ ನೆನೆಯುತ್ತದೆ. ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆ ಇದ್ದ. ವೇಷ ಕಟ್ಟುವುದೇ ಕಾಯಕವಾದ ಬಹುರೂಪಿ ಚೌಡಯ್ಯನೂ ಇದ್ದ. ಪಾತ್ರ ಹಾಕುವುದು ವಿದೇಶದ ಹವ್ಯಾಸ ಎನ್ನುವವರು ಇವನ ಹೆಸರನ್ನು ನೆನಪಿಡಬೇಕು.

ಕಳ್ಳಿಯ ಪಾತ್ರದ ಹುಡುಗಿ ಮೆಲ್ಲಗೆ ಕೇಳಿದಳು: ‘ಕಳ್ಳರು?’ ಉತ್ತರ ಕೊಟ್ಟವರು ಅಜ್ಜಿಯೇ. ಕನ್ನದ ಮಾರಿತಂದೆ ಎಂಬ ಶರಣ ಕನ್ನ ಹಾಕುತ್ತಿದ್ದವನು. ಅವನನ್ನೂ ಕೂಟ ಒಳಗೆ ಕರೆದುಕೊಂಡಿತು, ಅವನೂ ವಚನ ಬರೆದ. ಅಜ್ಜಿಗೆ ಅವನ ಕತೆ ಮೊದಲೇ ಗೊತ್ತಿತ್ತು. ಮೊಮ್ಮಗಳಿಗೆ ಹೇಳುವ ಸಂದರ್ಭ ಬಂದಿರಲಿಲ್ಲ.

‘ಕ್ಲಾಸ್’ ಎಂಬುದನ್ನು ಕನ್ನಡಕ್ಕೆ ತಂದರೆ ವರ್ಗ ಎನ್ನಬೇಕಾಗುತ್ತದೆ. ನಮ್ಮಲ್ಲಿ ಆ ಮಾತಿಗೆ ಭಾರ ಹೆಚ್ಚು. ಯಾರು ಏನಾಗಬೇಕು ಎಂಬುದನ್ನು ಹುಟ್ಟು ನಿಶ್ಚಯಿಸುತ್ತಿದ್ದ ನೆಲ ಇದು. ಯಾವ ಕಾಯಕವೂ ಕೀಳಲ್ಲ ಎಂದು ಕಲ್ಯಾಣದವರು ಸಾರಿದ್ದು, ದೋಹರ ಕಕ್ಕಯ್ಯನನ್ನು ಹತ್ತಿರ ಕೂರಿಸಿಕೊಂಡದ್ದು ಆ ನಿಶ್ಚಯದ ವಿರುದ್ಧ. ಅದಕ್ಕೆ ಅವರು ತೆತ್ತ ಬೆಲೆ ಚರಿತ್ರೆಯಲ್ಲಿದೆ. ಚಾಪೆಯ ಮೇಲಿನ ಆಟದಲ್ಲಿ ಮಕ್ಕಳು ತಮ್ಮ ಪಾತ್ರವನ್ನು ತಾವೇ ಆರಿಸುತ್ತಾರೆ, ದಾಳ ಕೆಟ್ಟದ್ದು ಬಿದ್ದರೂ ಅದನ್ನು ನಿಭಾಯಿಸಲು ಕಲಿಯುತ್ತಾರೆ. ಹುಟ್ಟಿನ ಬದಲು ಈಗ ಅಂಕಪಟ್ಟಿ ನಿಶ್ಚಯಿಸುವುದಾದರೆ ನಾವು ಎಷ್ಟು ದೂರ ಬಂದ ಹಾಗಾಯಿತು?

ಹುಡುಗ ಮುಂದಿನ ವರ್ಷ ಏನು ಓದುತ್ತಾನೋ ಮೂರು ದಿನದಲ್ಲಿ ತೀರ್ಮಾನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬಸವಕಲ್ಯಾಣದಿಂದ ಹಿಂತಿರುಗುವಾಗ ತಂದೆ ಮಗನನ್ನು ಒಂದು ಹಾಡು ಹೇಳು ಎಂದರು. ಅವರ ಬಾಯಿಂದ ಹಾಗೆ ಬಂದದ್ದು ನಾನು ಕೇಳಿದ ಮೊದಲ ಸಲ.

ಹೋಗುವುದು ಹೇಗೆ?

ಕಲಬುರಗಿ ಮುಂಬೈ ಕಡೆಯಿಂದ ಬೆಂಗಳೂರು, ಚೆನ್ನೈಗಳಿಗೆ ಹೋಗುವ ರೈಲುದಾರಿಯಲ್ಲಿದೆ. 2017ರಲ್ಲಿ ಪೂರ್ಣಗೊಂಡ ಮಾರ್ಗ ಹುಮನಾಬಾದ್ ಮೂಲಕ ಬೀದರಕ್ಕೂ ಸಂಪರ್ಕ ಕಲ್ಪಿಸಿದೆ. ಮಳಖೇಡ, ಚಿತ್ತಾಪುರ, ಕಮಲಾಪುರ, ಬಸವಕಲ್ಯಾಣಗಳಿಗೆ ಬಸ್ಸುಗಳುಂಟು. ನಾಗಾವಿ, ಸನ್ನತಿಗಳಿಗೆ ಸ್ವಂತ ವಾಹನ ಅನುಕೂಲ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ, ಏಪ್ರಿಲ್ ಮೇ ತಿಂಗಳ ಬಿಸಿಲು ಹೊಸಬರಿಗಲ್ಲ. ನೀರು, ಟೋಪಿ, ರೊಟ್ಟಿಯ ಗಂಟು ಜೊತೆಗಿರಲಿ. ಯಾವ ಸ್ಥಳಕ್ಕೆ ಮೊದಲು ಹೋಗಬೇಕೆಂದು ಮಕ್ಕಳನ್ನೇ ಕೇಳಿ. ಅವರು ಆರಿಸುವುದನ್ನು ನೋಡಿದರೆ ಅವರ ಬಗ್ಗೆಯೂ ಒಂದಿಷ್ಟು ತಿಳಿಯುತ್ತದೆ.